ಹತ್ತು ಚದರ ಅಡಿಯ ವಿಷಯವಾಗಿ ಒಂದು ಬಹಿರಂಗ ಪತ್ರ

ಇವರಿಗೆ,
ಸೌಲಭ್ಯ ವಿಭಾಗದ ಮುಖ್ಯಸ್ಥರು,
ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಸಮಸ್ತ ಕಚೇರಿ ಸಂಕೀರ್ಣಗಳು, ಬೆಂಗಳೂರು.

ಪ್ರತಿ: ಮಾನವ ಸಂಪನ್ಮೂಲ ವಿಭಾಗ, ಆಸುಪಾಸಿನ ಮಸೀದಿಗಳ ಆಡಳಿತ ಸಮಿತಿಗಳು.

ವಿಷಯ: ಕೆಲಸದ ವೇಳೆಯಲ್ಲಿ ನಮಾಜು ಮಾಡುವ ಮಹಿಳೆಯರಿಗೆ ಜಾಗವಿಲ್ಲದಿರುವ ವ್ಯವಸ್ಥೆಯನ್ನು ಇಷ್ಟು ಕಾಲ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದಿರುವುದಕ್ಕೆ ಅಭಿನಂದನೆ ಸಲ್ಲಿಸುವ ಬಗ್ಗೆ.

ಮಾನ್ಯರೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮೊದಲಿಗೆ ನಿವೇದಿಸಬೇಕಾದುದೆಂದರೆ, ದುಡಿಯುವ ಮನುಷ್ಯನಿಗೆ ಒಂದು ಕಟ್ಟಡದೊಳಗೆ ಏನೇನು ಬೇಕಾದೀತು ಎಂಬುದನ್ನು ಆತನಿಗಿಂತ ಮೊದಲೇ ಊಹಿಸಿ, ಅದಕ್ಕೊಂದು ಕೋಣೆ ಕಟ್ಟಿಸಿ, ಕೋಣೆಗೆ ಯಾವುದಾದರೂ ನದಿಯ ಅಥವಾ ಬೆಟ್ಟದ ಹೆಸರಿಟ್ಟು, ಗುರುತಿನ ಚೀಟಿ ಮುಟ್ಟಿಸಿದರೆ ತೆರೆದುಕೊಳ್ಳುವ ಬಾಗಿಲು ಕೂರಿಸುವ ವಿದ್ಯೆಯಲ್ಲಿ ಸೌಲಭ್ಯ ವಿಭಾಗವನ್ನು ಮೀರಿಸುವವರು ಈ ನಗರದಲ್ಲಿ ಯಾರೂ ಇಲ್ಲ. ಕೇರಂ ಆಡುವವರಿಗೆ ಜಾಗವಿದೆ. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಗುವವರಿಗೆ ಮಂಚವಿದೆ. ಮನೆಸಾಲದ ಕಂತಿನ ಬಗ್ಗೆ ಬ್ಯಾಂಕಿನವರೊಡನೆ ಗುಟ್ಟಾಗಿ ಮಾತಾಡುವವರಿಗೆ ಒಬ್ಬರೇ ನಿಲ್ಲುವಷ್ಟು ಗಾಜಿನ ಗೂಡಿದೆ. ಸಿಗರೇಟು ಸೇದುವವರು ಮಳೆಯಲ್ಲಿ ನೆನೆಯದಂತೆ ಸೂರಿದೆ. ಇಷ್ಟು ದೂರದೃಷ್ಟಿಯುಳ್ಳ ವಿಭಾಗವು ನಮಾಜು ಮಾಡುವ ಉದ್ಯೋಗಿನಿಯ ವಿಷಯ ಬಂದಾಗ ಮಾತ್ರ ‘ಈ ಬಗ್ಗೆ ಇದುವರೆಗೆ ಯಾವ ಕೋರಿಕೆಯೂ ಬಂದಿಲ್ಲ’ ಎಂದು ಬರೆದು ಕಡತ ಮುಗಿಸುವುದನ್ನು ಅದರ ವಿನಯವೆಂದೇ ತಿಳಿಯಬೇಕಾಗುತ್ತದೆ.

ಕಡತದ ಅನುಕೂಲಕ್ಕಾಗಿ ಕೆಲವು ಪದಗಳನ್ನು ವಿವರಿಸುವುದು ಸೂಕ್ತ. ಇಸ್ಲಾಮಿನ ಐದು ಸ್ತಂಭಗಳಲ್ಲಿ ಒಂದಾದ ನಮಾಜು ದಿನಕ್ಕೆ ಐದು ಬಾರಿ ಬರುತ್ತದೆ. ನಸುಕಿನ ಫಜ್ರ್ ಮತ್ತು ರಾತ್ರಿಯ ಇಶಾ ಮನೆಯಲ್ಲೇ ಮುಗಿಯುವುದರಿಂದ ಹಗಲು ಪಾಳಿಯ ಕಚೇರಿಯ ಪಾಲಿಗೆ ಉಳಿಯುವುದು ಮೂರು. ಸೂರ್ಯ ನೆತ್ತಿಯಿಂದ ವಾಲಿದ ಮೇಲಿನ ಝುಹರ್ ಊಟದ ವಿರಾಮದಲ್ಲಿ ಹೇಗೋ ಸೇರಿಕೊಳ್ಳುತ್ತದೆ. ಅದರ ನಂತರದ ಅಸರ್ ನಮಾಜಿನ ವೇಳೆಯನ್ನು ನೆರಳಿನ ಉದ್ದದಿಂದ ಅಳೆಯಲಾಗುತ್ತಿದ್ದು, ನಡುಹಗಲಿನ ನೆರಳನ್ನು ಕಳೆದು ಉಳಿದದ್ದು ವಸ್ತುವಿನಷ್ಟೇ ಉದ್ದವಾದಾಗ ಅದು ಆರಂಭವಾಗುತ್ತದೆಂದು ಕರಾವಳಿಯ ಬ್ಯಾರಿಗಳು ಮತ್ತು ನವಾಯತರು ಅನುಸರಿಸುವ ಶಾಫಿ ಪಂಥವೂ, ಎರಡರಷ್ಟಾದಾಗ ಆರಂಭವಾಗುತ್ತದೆಂದು ಒಳನಾಡಿನ ಬಹುತೇಕ ಮುಸ್ಲಿಮರು ಅನುಸರಿಸುವ ಹನಫಿ ಪಂಥವೂ ಹೇಳುತ್ತವೆ. ಬೆಂಗಳೂರಿನಲ್ಲಿ ಈ ಎರಡರ ನಡುವೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಗೂ ಮೀರಿದ ಅಂತರ ಬೀಳುವುದರಿಂದ, ಒಂದೇ ಸಾಲಿನಲ್ಲಿ ಕುಳಿತ ಮಂಗಳೂರಿನವಳೂ ಕಲಬುರಗಿಯವಳೂ ಒಟ್ಟಿಗೆ ಎದ್ದುಹೋಗಿ ಕೆಲಸ ಕೆಡಿಸುತ್ತಾರೆಂಬ ಭಯಕ್ಕೆ ಶಾಸ್ತ್ರದಲ್ಲೇ ಪರಿಹಾರವಿದೆ. ಮೂರನೆಯದಾದ ಮಗ್ರಿಬ್ ಸೂರ್ಯ ಮುಳುಗಿದೊಡನೆ ಬರುತ್ತದೆ, ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮುಗಿದೂಹೋಗುತ್ತದೆ. ಕಚೇರಿಯ ಬಸ್ಸು ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ದಾಟಲು ತೆಗೆದುಕೊಳ್ಳುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ.

ಇದಕ್ಕೆ ಬೇಕಾದ ಸಾಮಗ್ರಿಯ ಪಟ್ಟಿ ದೊಡ್ಡದೇನಲ್ಲ. ಜಾನಮಾಜು, ಅಂದರೆ ನಮಾಜಿನ ಚಾಪೆ, ಸುಮಾರು ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಉದ್ದವಿರುತ್ತದೆ. ಮಡಚಿದರೆ ಊಟದ ಡಬ್ಬಿಯ ಚೀಲದೊಳಗೆ ಹೋಗುತ್ತದೆ. ಕಡ್ಡಾಯದ ನಮಾಜಿಗೆ ಐದರಿಂದ ಹತ್ತು ನಿಮಿಷ ಸಾಕು. ನೆಲಮಾಳಿಗೆಯಲ್ಲಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಒಂದು ಕಾರಿನ ಜಾಗದಲ್ಲಿ ಇಂಥ ಹನ್ನೆರಡು ಚಾಪೆಗಳನ್ನು ಹಾಸಬಹುದು ಎಂಬ ಲೆಕ್ಕವನ್ನು ಇಲ್ಲಿ ಒದಗಿಸುತ್ತಿರುವುದು ಮಾಹಿತಿಗಾಗಿ ಮಾತ್ರ. ರಜೆಯ ಮೇಲೆ ಹೋದ ಹಿರಿಯ ಅಧಿಕಾರಿಯ ಕಾರು ಇಲ್ಲದಾಗಲೂ ಅದರ ಜಾಗ ಅದರದ್ದೇ ಎಂಬ ನಿಯಮವನ್ನು ಪ್ರಶ್ನಿಸುವ ಉದ್ದೇಶ ಈ ಪತ್ರಕ್ಕಿಲ್ಲ.

ಜಾಗ ಕೊಡದಿದ್ದರೂ ನಮಾಜು ನಿಂತಿಲ್ಲ ಎಂಬುದು ವಿಭಾಗಕ್ಕೆ ಚೆನ್ನಾಗಿ ಗೊತ್ತಿದೆ, ಏಕೆಂದರೆ ಅದು ನಡೆಯುತ್ತಿರುವುದು ವಿಭಾಗದ ಕ್ಯಾಮೆರಾಗಳ ಕಣ್ಣೆದುರಿಗೇ. ಬೆಂಕಿ ಬಿದ್ದಾಗ ಮಾತ್ರ ಬಳಸಬೇಕಾದ ಮೆಟ್ಟಿಲುಗಳ ನಡುವಣ ತಿರುವು ಇಂಥ ನಮಾಜಿನ ಮುಖ್ಯ ತಾಣ. ನಮಾಜು ಮಾಡುವವರು ಮುಖ ಮಾಡಬೇಕಾದ ಮಕ್ಕಾದ ದಿಕ್ಕಿಗೆ ಕಿಬ್ಲಾ ಎಂದು ಹೆಸರು; ಬೆಂಗಳೂರಿನಿಂದ ಅದು ನೇರ ಪಶ್ಚಿಮವಾಗಿರದೆ ಉತ್ತರದ ಕಡೆಗೆ ಸುಮಾರು 18 ಡಿಗ್ರಿ ವಾಲಿರುವುದರಿಂದ, ಮೆಟ್ಟಿಲಿನ ತಿರುವಿನಲ್ಲಿ ಚಾಪೆಯನ್ನು ಓರೆಯಾಗಿ ಹಾಸಬೇಕಾಗುತ್ತದೆ, ಹಾಗೆ ಹಾಸಿದಾಗ ಸುಜೂದ್, ಅಂದರೆ ಹಣೆಯನ್ನು ನೆಲಕ್ಕೆ ಮುಟ್ಟಿಸುವ ಭಂಗಿಯಲ್ಲಿ, ಉದ್ಯೋಗಿನಿಯ ತಲೆ ಬೆಂಕಿ ನಂದಿಸುವ ಕೊಳವೆಯ ಕೆಂಪು ಪೆಟ್ಟಿಗೆಗೆ ತಾಗುತ್ತದೆ. ಮೇಲಿನ ಮಹಡಿಯ ಬಾಗಿಲು ಕಿರುಗುಟ್ಟಿದರೆ ಗೆಳತಿಯೊಬ್ಬಳು ಕೆಮ್ಮಿ ಸೂಚನೆ ಕೊಡುತ್ತಾಳೆ. ಎಳೆಗೂಸಿನ ತಾಯಂದಿರಿಗೆಂದು ಮೀಸಲಾದ ಕೋಣೆ ಎರಡನೆಯ ತಾಣ. ಅಲ್ಲಿ ಚಿಲಕವಿದೆ, ಆದರೆ ಹಾಲು ತೆಗೆಯಲು ಬಂದ ಬಾಣಂತಿ ಹೊರಗೆ ನಿಂತಿದ್ದಾಳೆಂಬ ಅಳುಕಿನಲ್ಲಿ ನಮಾಜು ಗಡಿಬಿಡಿಯಾಗುತ್ತದೆ. ಹೀಗೆ ಒಬ್ಬ ಹೆಣ್ಣಿನ ಅಗತ್ಯವನ್ನು ಇನ್ನೊಬ್ಬ ಹೆಣ್ಣಿನ ಅಗತ್ಯದೊಡನೆ ಸರದಿಗೆ ನಿಲ್ಲಿಸಿ ವಿಭಾಗವು ದೂರ ಸರಿದಿರುವುದು ಆಡಳಿತ ಕೌಶಲದ ಮಾದರಿ.

ನೀರಿನ ವಿಷಯ ಇದಕ್ಕಿಂತ ಸ್ವಾರಸ್ಯಕರವಾದುದು. ನಮಾಜಿಗೆ ಮುನ್ನ ಕೈ, ಬಾಯಿ, ಮೂಗು, ಮುಖ, ಮೊಣಕೈಯವರೆಗಿನ ತೋಳುಗಳನ್ನು ತೊಳೆದು, ತಲೆಯನ್ನು ಒದ್ದೆ ಕೈಯಿಂದ ಸವರಿ, ಹರಡಿನವರೆಗೆ ಪಾದಗಳನ್ನು ತೊಳೆಯುವ ಶುದ್ಧಿಗೆ ವುಜೂ ಎನ್ನುತ್ತಾರೆ. ಮೊದಲ ಐದಾರು ಹಂತಗಳಿಗೆ ಕಚೇರಿಯ ನಲ್ಲಿ ತಕರಾರಿಲ್ಲದೆ ಒದಗುತ್ತದೆ; ಪಾದದ ಸರದಿ ಬಂದಾಗ ‘ಬೇಸಿನ್ನಿನಲ್ಲಿ ಕಾಲು ತೊಳೆಯಬಾರದು’ ಎಂಬ ಫಲಕ ಎದುರಾಗುತ್ತದೆ. ಫಲಕ ಬರೆಸಿದವರಿಗೆ ಕಾಲು ತೊಳೆಯುವವರು ಇದ್ದಾರೆಂಬುದು ಗೊತ್ತಿತ್ತೆಂದಾಯಿತು; ಮೊಣಕಾಲೆತ್ತರದ ನಲ್ಲಿಗಿಂತ ಫಲಕ ಅಗ್ಗ ಎಂಬುದೂ ಗೊತ್ತಿತ್ತು. ಆದ್ದರಿಂದ ಆಕೆ ಬಾಟಲಿಯಲ್ಲಿ ನೀರು ಹಿಡಿದು ಶೌಚಾಲಯದ ಕೋಣೆಯೊಳಗೆ ಒಂದೊಂದೇ ಪಾದ ತೊಳೆದು, ಟಿಶ್ಯೂ ಕಾಗದದಿಂದ ನೆಲ ಒರೆಸಿ ಹೊರಬರುತ್ತಾಳೆ, ಏಕೆಂದರೆ ಒದ್ದೆ ನೆಲಕ್ಕಾಗಿ ಬೈಸಿಕೊಳ್ಳುವುದು ಸಫಾಯಿಯ ಅಕ್ಕ. ಇನ್ನು ಕೆಲವರು ಮನೆಯಲ್ಲೇ ವುಜೂ ಮಾಡಿಕೊಂಡು ಬಂದು, ಮೂತ್ರಕ್ಕೆ ಹೋದರೆ ಅದು ಮುರಿಯುತ್ತದೆಂದು ಮಧ್ಯಾಹ್ನದವರೆಗೆ ನೀರನ್ನೇ ಕುಡಿಯುವುದಿಲ್ಲ. ಉದ್ಯೋಗಿಗಳು ಧಾರಾಳವಾಗಿ ನೀರು ಕುಡಿಯಬೇಕೆಂದು ಆರೋಗ್ಯ ಸಪ್ತಾಹದಲ್ಲಿ ಹಂಚಲಾದ ಬಾಟಲಿಗಳು ಇವರ ಮೇಜಿನ ಮೇಲೆಯೂ ಇವೆ.

ಈ ಎಲ್ಲದರ ಹಿಂದಿರುವ ತತ್ವವನ್ನು ಮಾನವ ಸಂಪನ್ಮೂಲ ವಿಭಾಗವು ‘ಧಾರ್ಮಿಕ ತಟಸ್ಥತೆ’ ಎಂದು ಕರೆಯುತ್ತದೆ. ಇದರ ಅತ್ಯುತ್ತಮ ಪ್ರಾತ್ಯಕ್ಷಿಕೆ ಪ್ರತಿ ವರ್ಷ ನವರಾತ್ರಿಯಲ್ಲಿ ನಡೆಯುತ್ತದೆ: ಬಾಗಿಲಿಗೆ ಬಾಳೆಕಂದು, ಸರ್ವರ್ ಕೋಣೆಗೆ ಸೇವಂತಿಗೆ ಹಾರ, ಮಾನಿಟರಿನ ಹಣೆಗೆ ಅರಿಶಿನ ಕುಂಕುಮ, ಗೇಟಿನೆದುರು ಒಡೆದ ಬೂದುಗುಂಬಳ, ಎಲ್ಲರ ಮೇಜಿಗೂ ಕಡ್ಲೆಪುರಿ ಮತ್ತು ಸಿಹಿಯ ಪೊಟ್ಟಣ. ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆಯುಧಪೂಜೆಯಿಲ್ಲದ ಕರ್ನಾಟಕದ ಕಾರ್ಯಸ್ಥಳ ಬಣಗುಡುತ್ತದೆ, ಹಾರ ಕಟ್ಟುವವರ ಸಾಲಿನಲ್ಲಿ ಮೆಟ್ಟಿಲಿನ ತಿರುವಿನ ಆ ಮಹಿಳೆಯೂ ಕುಳಿತಿರುತ್ತಾಳೆ. ಗಮನಿಸಬೇಕಾದುದು ಇಷ್ಟೇ: ಸರ್ವರ್ ಯಂತ್ರಕ್ಕೆ ಸಲ್ಲುವ ಪೂಜೆ ಸಂಸ್ಕೃತಿಯೆನಿಸಿಕೊಳ್ಳುತ್ತದೆ, ಅದನ್ನು ನಡೆಸುವ ಉದ್ಯೋಗಿಯ ಪ್ರಾರ್ಥನೆ ಧರ್ಮವೆನಿಸಿಕೊಳ್ಳುತ್ತದೆ, ತಟಸ್ಥತೆಯ ನಿಯಮ ಎರಡನೆಯದಕ್ಕೆ ಮಾತ್ರ ಅನ್ವಯಿಸುತ್ತದೆ. ‘ಮನೆಗೆ ಹೋಗಿ ಎಲ್ಲವನ್ನೂ ಒಟ್ಟಿಗೆ ಮಾಡಬಹುದಲ್ಲ’ ಎಂದು ಸಲಹೆ ನೀಡುವಾಗ ಇದೇ ವಿಭಾಗವು ಮುಫ್ತಿಯ, ಅಂದರೆ ಧಾರ್ಮಿಕ ತೀರ್ಪು ನೀಡುವ ವಿದ್ವಾಂಸನ ಹುದ್ದೆಯನ್ನೂ ಹೆಚ್ಚುವರಿ ಪ್ರಭಾರದಲ್ಲಿ ವಹಿಸಿಕೊಳ್ಳುತ್ತದೆ.

ಕಾನೂನು ಕೂಡ ಸೌಲಭ್ಯ ವಿಭಾಗದ ಪರವಾಗಿದೆ ಎಂಬುದನ್ನು ಒಪ್ಪಲೇಬೇಕು. 1948ರ ಕಾರ್ಖಾನೆಗಳ ಕಾಯ್ದೆಯನ್ನು ರಚಿಸಿದವರು 50ಕ್ಕಿಂತ ಹೆಚ್ಚು ಮಹಿಳೆಯರಿದ್ದಲ್ಲಿ ಶಿಶುವಿಹಾರ, 150ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ವಿಶ್ರಾಂತಿ ಕೊಠಡಿ, 250ಕ್ಕಿಂತ ಹೆಚ್ಚಿದ್ದಲ್ಲಿ ಕ್ಯಾಂಟೀನು ಎಂದು ಬರೆದಿಟ್ಟರು. ಅನುಕೂಲವಾದ ಸ್ಥಳಗಳಲ್ಲಿ ಸಾಕಷ್ಟು ಪೀಕದಾನಿಗಳನ್ನಿಡಬೇಕೆಂದೂ, ಅವುಗಳಲ್ಲದೆ ಬೇರೆಡೆ ಉಗುಳಿದವನಿಗೆ ಐದು ರೂಪಾಯಿ ಮೀರದ ದಂಡವೆಂದೂ ಒಂದು ಪೂರ್ತಿ ಕಲಮನ್ನು ಮೀಸಲಿಟ್ಟರು. ಉಗುಳುವವನಿಗೆ ಕಾನೂನುಬದ್ಧವಾಗಿ ಸಿಕ್ಕ ಜಾಗ ಪ್ರಾರ್ಥಿಸುವವಳಿಗೆ ಸಿಗಲಿಲ್ಲ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ 1972ರಲ್ಲಿ ಮಾಡಿದ ತಿದ್ದುಪಡಿಯು, ಉದ್ಯೋಗಿಯ ಧರ್ಮಾಚರಣೆಗೆ ಸಮಂಜಸವಾದ ಹೊಂದಾಣಿಕೆ ಮಾಡಿಕೊಡಬೇಕೆಂದು ಖಾಸಗಿ ಉದ್ಯೋಗದಾತರನ್ನೂ ಕಟ್ಟಿಹಾಕಿದೆ. ಭಾರತದಲ್ಲಿ ಖಾಸಗಿ ಕಚೇರಿಯ ಮೇಲೆ ಇಂಥ ಪ್ರತ್ಯೇಕ ಕಾನೂನು ಇಲ್ಲ. ಎರಡೂ ದೇಶಗಳಲ್ಲಿ ಕಚೇರಿ ನಡೆಸುವ ಕಂಪನಿಯ ಉದಾರತೆ ವಿಮಾನ ಹತ್ತದೆ ಎಷ್ಟೋ ಸಲ ಅಮೆರಿಕದಲ್ಲೇ ಉಳಿದುಬಿಡುತ್ತದೆ.

ಬಯಲಂತೂ ಇದೆಯಲ್ಲ ಎಂಬ ಮಾತಿಗೂ ಆಧಾರವಿದೆ. 1994ರ ಇಸ್ಮಾಯಿಲ್ ಫಾರೂಕಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಸೀದಿಯು ಇಸ್ಲಾಂ ಧರ್ಮಾಚರಣೆಯ ಅತ್ಯಗತ್ಯ ಭಾಗವಲ್ಲ, ನಮಾಜನ್ನು ಎಲ್ಲಿ ಬೇಕಾದರೂ, ಬಯಲಿನಲ್ಲಿ ಕೂಡ ಮಾಡಬಹುದು ಎಂದು ಹೇಳಿತ್ತು. ಕಚೇರಿಗಳ ನಗರವಾದ ಗುರುಗ್ರಾಮದಲ್ಲಿ ಶುಕ್ರವಾರದ ನಮಾಜಿನ ಬಯಲು ಜಾಗಗಳನ್ನು 2018ರಲ್ಲಿ 37ಕ್ಕೆ ಇಳಿಸಲಾಯಿತು. 2021ರ ಡಿಸೆಂಬರಿನಲ್ಲಿ ಬಯಲಿನಲ್ಲಿ ನಮಾಜನ್ನು ಸಹಿಸಲಾಗದು ಎಂದು ಹರಿಯಾಣದ ಮುಖ್ಯಮಂತ್ರಿಗಳೇ ಹೇಳಿದರು. ಸೂರಿನ ಕೆಳಗಿನ ಕಥೆಯೂ ಬೇರೆಯಾಗಿಲ್ಲ: ಬೆಂಗಳೂರಿನ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದಲ್ಲಿ ಹಮಾಲರು ತಮ್ಮ ವಿಶ್ರಾಂತಿ ಕೊಠಡಿಯಲ್ಲಿ ನಮಾಜು ಮಾಡಿಕೊಳ್ಳುತ್ತಿದ್ದುದು 2022ರ ಜನವರಿಯಲ್ಲಿ ಪ್ರತಿಭಟನೆಗೆ ಕಾರಣವಾಯಿತು. ಸೌಲಭ್ಯ ವಿಭಾಗದ ನಿಜವಾದ ಹೆದರಿಕೆ ಚದರ ಅಡಿಯದ್ದಲ್ಲ, ಮೊಬೈಲಿನಲ್ಲಿ ಹರಿದಾಡಬಹುದಾದ ವಿಡಿಯೋದ್ದು ಎಂಬುದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಆ ಹೆದರಿಕೆಯ ಭಾರವನ್ನು ತಿಂಗಳ ಸಂಬಳ ಪಡೆಯುವ ಮುಖ್ಯಸ್ಥರು ಹೊರದೆ, ಮೆಟ್ಟಿಲಿನ ತಿರುವಿನಲ್ಲಿ ಬಾಗಿದವಳ ಬೆನ್ನ ಮೇಲೆ ಹಾಕಿರುವುದಕ್ಕೆ ಅರ್ಥ ಹುಡುಕುವುದು ಕಷ್ಟ.

ಇಷ್ಟರಲ್ಲಿ ಪ್ರತಿಯನ್ನು ಪಡೆದ ಮಸೀದಿ ಸಮಿತಿಗಳು ತಲೆದೂಗುತ್ತಿರಬಹುದಾದ್ದರಿಂದ ಅವರ ಪಾಲಿನ ಅಭಿನಂದನೆಯನ್ನೂ ಇಲ್ಲೇ ಸಲ್ಲಿಸತಕ್ಕದ್ದು. ಕಚೇರಿಯಲ್ಲಿ ಜಾಗವಿಲ್ಲದಿದ್ದರೆ ಗಂಡಸು ರಸ್ತೆ ದಾಟಿ ಹತ್ತಿರದ ಮಸೀದಿಗೆ ಹೋಗಿಬರುತ್ತಾನೆ. ಶುಕ್ರವಾರ ಆತನ ಮೇಲಧಿಕಾರಿಯೇ ಸಭೆಯ ವೇಳೆಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕುತ್ತಾನೆ. ಹೆಂಗಸರಿಗೆ ಪ್ರತ್ಯೇಕ ಜಾಗ, ಬಾಗಿಲು, ವುಜೂವಿನ ನಲ್ಲಿ ಇರುವ ಮಸೀದಿಗಳು ಕೆಲವಿವೆ, ಇಲ್ಲದವು ಬಹಳ. 2019ರಲ್ಲಿ ಪುಣೆಯ ದಂಪತಿ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಾಗ, ಮಹಿಳೆಯರು ಮಸೀದಿಗೆ ಬಂದು ನಮಾಜು ಮಾಡಲು ಇಸ್ಲಾಮಿನಲ್ಲಿ ಅವಕಾಶವಿದೆ ಎಂದು ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2020ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಪ್ರಮಾಣಪತ್ರಕ್ಕೆ ಬಾಗಿಲಿರುವುದಿಲ್ಲ. ‘ಹೆಂಗಸರಿಗೆ ಮನೆಯೇ ಉತ್ತಮ’ ಎಂಬ ಸಮಿತಿಯ ಮಾತು ಮತ್ತು ‘ಮನೆಗೆ ಹೋಗಿ ಮಾಡಿಕೊಳ್ಳಿ’ ಎಂಬ ಮಾನವ ಸಂಪನ್ಮೂಲದ ಮಾತು ಇಷ್ಟೊಂದು ಹೊಂದಿಕೆಯಾಗಿರುವಾಗ, ಎರಡೂ ಕಡೆಯವರು ಜಂಟಿ ಸುತ್ತೋಲೆ ಹೊರಡಿಸಿದರೆ ಕಾಗದವಾದರೂ ಉಳಿಯುತ್ತದೆ. ಮುಸ್ಲಿಂ ಮಹಿಳೆಯರು ಮನೆಯಾಚೆಯ ದುಡಿಮೆಯಲ್ಲಿ ತೀರ ಕಡಿಮೆ ಸಂಖ್ಯೆಯಲ್ಲಿದ್ದಾರೆಂದು ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಿತ್ತು. ಆ ಕಡಿಮೆ ಸಂಖ್ಯೆಯಲ್ಲೇ ಮೆಟ್ಟಿಲಿನ ತಿರುವಿನ ಈ ಮಹಿಳೆಯರೂ ಸೇರಿದ್ದಾರೆ.

ಪೀಣ್ಯ ಮತ್ತು ಮೈಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟಿನಲ್ಲಿ ಹೊಲಿಯುವವಳು ಶೌಚಾಲಯಕ್ಕೆ ಹೋಗಲೂ ಸೂಪರ್‌ವೈಸರನ ಮುಖ ನೋಡಬೇಕಾಗಿರುವಾಗ, ಅರ್ಧ ಗಂಟೆಯ ಊಟದ ವಿರಾಮದಲ್ಲಿ ಬಟ್ಟೆಯ ಥಾನುಗಳ ಸಂದಿಯಲ್ಲಿ ಝುಹರ್ ಮುಗಿಸಿದರೆ ಅದೇ ಭಾಗ್ಯ. ಅಸರ್ ಹೊಲಿಗೆ ಯಂತ್ರದ ಸದ್ದಿನೊಳಗೇ ದಾಟಿಹೋಗುತ್ತದೆ.

ಒಳ್ಳೆಯ ಹೆಸರಿಗಾಗಿ ‘ಧ್ಯಾನ ಕೊಠಡಿ’ ಕಟ್ಟಿಸಿದ ಕಚೇರಿಗಳೂ ಇವೆ. ಅದರ ಬೀಗದ ಕೈ ಕಾವಲುಗಾರನ ಮೇಜಿನಲ್ಲಿರುತ್ತದೆ. ಪಡೆಯಬೇಕಾದರೆ ಪುಸ್ತಕದಲ್ಲಿ ಹೆಸರು, ವೇಳೆ ಮತ್ತು ಕಾರಣ ಬರೆಯಬೇಕು. ಋತುಸ್ರಾವದ ದಿನಗಳಲ್ಲಿ ಮಹಿಳೆಗೆ ನಮಾಜು ಇಲ್ಲ. ಹೀಗಾಗಿ ಪ್ರತಿದಿನ ಸಹಿ ಹಾಕುವವಳು ನಾಲ್ಕೈದು ದಿನ ಹಾಕದಿದ್ದರೆ, ತಾಯಿಗೂ ಹೇಳದ ಲೆಕ್ಕ ಕಾವಲುಗಾರನ ಪುಸ್ತಕದಲ್ಲಿ ದಾಖಲಾಗುತ್ತದೆ. ಇದು ಹೊಳೆದಿರಲಿಲ್ಲ ಎಂದು ವಿಭಾಗವು ಹೇಳುವುದಾದರೆ ನಂಬಬಹುದು, ಆ ಪುಸ್ತಕದ ಅಂಕಣಗಳನ್ನು ಗೆರೆ ಎಳೆದು ಮಾಡಿದವರು ಗಂಡಸರಾಗಿರಬೇಕು.

ಆದ್ದರಿಂದ, ಯಾವ ಧರ್ಮದ ಹೆಸರನ್ನೂ ಬಾಗಿಲ ಮೇಲೆ ಬರೆಸದೆ, ಧ್ಯಾನ ಮಾಡುವವರಿಗೂ ತಲೆನೋವಿನವರಿಗೂ ಅಳು ಬಂದವರಿಗೂ ಮುಕ್ತವಾಗಿರುವಂತೆ ಒಂದು ಮೌನದ ಕೋಣೆಯನ್ನು ಗೊತ್ತುಮಾಡಿ, ಅದರ ಬೀಗ ತೆಗೆಸಿ ಒಳಗಡೆಯಿಂದ ಚಿಲಕ ಹಾಕಿಸಿ, ಮಹಿಳೆಯರ ಶೌಚಾಲಯದಲ್ಲಿ ಮೊಣಕಾಲೆತ್ತರಕ್ಕೆ ಒಂದು ನಲ್ಲಿ ಕೂರಿಸಿ, ಪುಸ್ತಕದಿಂದ ಕಾರಣದ ಅಂಕಣವನ್ನು ತೆಗೆದುಹಾಕಬೇಕೆಂದೂ, ಮಸೀದಿ ಸಮಿತಿಗಳು ತಮ್ಮ ಪಾಲಿನ ಬಾಗಿಲೊಂದನ್ನು ತೆರೆಯಬೇಕೆಂದೂ ಕೋರಲಾಗಿದೆ. ಬೆಂಗಳೂರಿನಲ್ಲಿ ನವೆಂಬರಿನ ಸೂರ್ಯ ಆರಕ್ಕೆ ಮೊದಲೇ ಮುಳುಗುತ್ತಾನೆ, ಮಗ್ರಿಬ್ ಕೂಡ ಕಚೇರಿಯ ವೇಳೆಗೇ ಬಂದುಬಿಡುತ್ತದೆ. ನವೆಂಬರಿನೊಳಗೆ ಕ್ರಮ ಕೈಗೊಂಡು ಅನುಪಾಲನಾ ವರದಿಯನ್ನು ಸೂಚನಾ ಫಲಕದಲ್ಲಿ, ಕಾಲು ತೊಳೆಯಬಾರದೆಂಬ ಫಲಕವಿದ್ದ ಜಾಗದಲ್ಲಿ ಪ್ರಕಟಿಸತಕ್ಕದ್ದು.