ವತ್ಸಲರಸವೂ ಬಸ್ ನಿಲ್ದಾಣದ ಅಪ್ಪನೂ

14ನೆಯ ಶತಮಾನದಲ್ಲಿ ‘ಸಾಹಿತ್ಯದರ್ಪಣ’ವನ್ನು ರಚಿಸಿದ ವಿಶ್ವನಾಥನು ಮಕ್ಕಳ ಮೇಲಿನ ಪ್ರೀತಿಯನ್ನು ‘ವತ್ಸಲ’ವೆಂಬ ರಸವಾಗಿ ಒಪ್ಪಿಕೊಂಡು, ಅದರ ಅನುಭಾವಗಳನ್ನು, ಅಂದರೆ ಒಳಗಿನ ಭಾವವು ಹೊರಗೆ ಕಾಣಿಸಿಕೊಳ್ಳುವ ಚೇಷ್ಟೆಗಳನ್ನು ಹೇಳುವಾಗ, ಅಪ್ಪಿಕೊಳ್ಳುವುದು, ಮೈದಡವುವುದು, ನೆತ್ತಿಗೆ ಮುತ್ತಿಡುವುದು, ರೋಮಾಂಚ, ಆನಂದಬಾಷ್ಪ ಮೊದಲಾದುವನ್ನು ಪಟ್ಟಿಮಾಡಿದ್ದಾನೆ. ಆ ಆಲಂಕಾರಿಕನು ಮಲೆನಾಡಿನ ಯಾವುದಾದರೂ ಬಸ್ ನಿಲ್ದಾಣದಲ್ಲಿ, ಬೆಂಗಳೂರಿಗೆ ಹೊರಟ ಮಗಳನ್ನು ಹತ್ತಿಸಲು ಬಂದ ನಿವೃತ್ತ ಗುಮಾಸ್ತನೊಬ್ಬನನ್ನು ಕಂಡಿದ್ದರೆ, ಪಟ್ಟಿಯಲ್ಲಿನ ಒಂದು ಲಕ್ಷಣವೂ ಸಿಗದೆ, ಈತ ಲಗೇಜು ಹೊರಲು ಬಂದವನಿರಬೇಕೆಂದು ತೀರ್ಮಾನಿಸುತ್ತಿದ್ದನು.

ಈ ಅಪ್ಪನ ಅನುಭಾವಗಳೇ ಬೇರೆ. ರಾತ್ರಿ ಹತ್ತೂವರೆಯ ಬಸ್ಸಿಗೆ ಒಂಬತ್ತಕ್ಕೇ ಮಗಳನ್ನು ಹೊರಡಿಸುವ ಈತನು, ಸೀಟು ಚಕ್ರದ ಮೇಲೆ ಬಂದಿದೆಯೇ, ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತದೆಯೇ ಎಂಬುದನ್ನು ತಾನೇ ಹತ್ತಿ ಪರೀಕ್ಷಿಸಿ, ಯಶವಂತಪುರದಲ್ಲಿ ನಿಲ್ಲಿಸುತ್ತೀರಾ ಎಂದು ಕಂಡಕ್ಟರನ್ನು ಎರಡು ಸಲ ಕೇಳಿ, ಆ ಉತ್ತರವನ್ನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಮಗಳಿಗೆ ಮತ್ತೊಮ್ಮೆ ವರದಿ ಮಾಡುತ್ತಾನೆ. ಸುಲಿದ ತೆಂಗಿನಕಾಯಿಗಳ ಚೀಲವನ್ನು ಸೀಟಿನಡಿ ತಳ್ಳುವಾಗ ನಡೆಯುವ ಸಂಭಾಷಣೆಯಂತೂ ವರ್ಷಗಳಿಂದ ಬದಲಾಗಿಲ್ಲ: “ಕಾಯಿ ಅಲ್ಲೂ ಸಿಗುತ್ತಪ್ಪಾ.” “ಸಿಗುತ್ತೆ, ರೇಟು ಕೇಳಿದೀಯಾ?” ಬಸ್ಸು ಹೊರಟಾಗ ಕೈಬೀಸುವ ಪದ್ಧತಿ ಈತನಲ್ಲಿಲ್ಲ, ಬದಲಿಗೆ ಬಸ್ಸಿನ ಹಿಂಬದಿಯ ನಂಬರನ್ನು ಓದಿ ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ 8 ಸಾತ್ತ್ವಿಕಭಾವಗಳಲ್ಲಿ, ಎಂದರೆ ಮನಸ್ಸು ಕಲಕಿದಾಗ ಮೈಯಲ್ಲಿ ತಾನಾಗಿ ತೋರುವ ವಿಕಾರಗಳಲ್ಲಿ, ಈ ಹೊತ್ತಿಗೆ ಎರಡು ಮಾತ್ರ ಕಂಡುಬರುತ್ತವೆ: ನಿಂತಲ್ಲೇ ಮರಗಟ್ಟುವ ಸ್ತಂಭ ಮತ್ತು ಗಂಟಲು ಕಟ್ಟುವ ಸ್ವರಭೇದ. ಎರಡನೆಯದನ್ನು ಆತನು ನಿಲ್ದಾಣದ ಧೂಳಿನ ಖಾತೆಗೆ ಬರೆಯುತ್ತಾನೆ.

1992ರಲ್ಲಿ ಅಮೆರಿಕದ ಗ್ಯಾರಿ ಚಾಪ್ಮನ್ ಎಂಬ ದಾಂಪತ್ಯ ಸಲಹೆಗಾರರು, ಮೆಚ್ಚುಗೆಯ ಮಾತು, ಜೊತೆಯಲ್ಲಿ ಕಳೆಯುವ ಸಮಯ, ಉಡುಗೊರೆ, ಸೇವೆ, ಸ್ಪರ್ಶ ಎಂದು ಪ್ರೀತಿಗೆ 5 ಭಾಷೆಗಳಿವೆಯೆಂದು ಪುಸ್ತಕ ಬರೆದರು. ಅದನ್ನೋದಿದ ಮಕ್ಕಳು ಅಪ್ಪನನ್ನು ‘ಸೇವೆ’ಯ ವಿಭಾಗಕ್ಕೆ ಸೇರಿಸಿ ನಿಶ್ಚಿಂತರಾಗುತ್ತಾರೆ. ಆದರೆ ಮಗಳ ಬಡ್ತಿಯ ಸುದ್ದಿಗೆ “ಟ್ಯಾಕ್ಸ್ ಎಷ್ಟು ಹಿಡೀತಾರೆ?” ಎಂದಷ್ಟೇ ಕೇಳಿದ ಈತನೇ ಸಂಜೆ ಕ್ಷೌರದಂಗಡಿಯಿಂದ ಹಾಲಿನ ಡೇರಿಯವರೆಗೆ ಅದನ್ನು ಸಾರಿ ಬರುವುದರಿಂದ, ಮೆಚ್ಚುಗೆಯ ಮಾತೂ ಇಲ್ಲಿ ಧಾರಾಳವಾಗಿಯೇ ಇದೆ, ಅದು ಮಗಳೊಬ್ಬಳನ್ನು ಬಿಟ್ಟು ಊರಿಗೆಲ್ಲ ತಲುಪುತ್ತದೆ ಎಂಬುದಷ್ಟೇ ತೊಡಕು. ಈ ಕಾರಣದಿಂದ ನಮ್ಮ ಅಲಂಕಾರಶಾಸ್ತ್ರವೇ ಹೆಚ್ಚು ಉಪಯುಕ್ತವೆನ್ನಬೇಕು. ಏಕೆಂದರೆ ಅದು ‘ಸಹೃದಯ’ನನ್ನು, ಅಂದರೆ ಕಂಡ ಕುರುಹಿನಿಂದ ಕಾಣದ ಭಾವವನ್ನು ಗ್ರಹಿಸುವಷ್ಟು ಸಂಸ್ಕಾರವಿರುವ ನೋಡುಗನನ್ನು ಬೇಡುತ್ತದೆ. ಮಕ್ಕಳಿಗೆ ಆ ಸಂಸ್ಕಾರ ಬರುವುದು ಸಾಮಾನ್ಯವಾಗಿ ಅವರೇ ಯಾರನ್ನಾದರೂ ಬಸ್ಸು ಹತ್ತಿಸಲು ಹೋಗುವ ಕಾಲಕ್ಕೆ.

ಫೋನಿನಲ್ಲಿ ಈತನ ಪಾಲು ಊಟ, ಮಳೆ, ದುಡ್ಡು ಎಂಬ ಮೂರು ಪ್ರಶ್ನೆಗಳು. ಉತ್ತರ ಸಿಕ್ಕ ಕೂಡಲೇ “ತಗೋ, ನಿಮ್ಮಮ್ಮ ಮಾತಾಡ್ತಾಳಂತೆ” ಎಂದು, ಹಾಗೇನೂ ಹೇಳಿರದ ಹೆಂಡತಿಗೆ ಫೋನು ದಾಟಿಸಿ, ಟೀವಿಯ ಧ್ವನಿ ತಗ್ಗಿಸಿ, ಮುಂದಿನ ಅಷ್ಟೂ ಮಾತನ್ನು ಗಮನವಿಟ್ಟು ಕೇಳಿಸಿಕೊಳ್ಳುತ್ತಾನೆ.

ಆದರೂ ಈ ರಸದ ಪರಿಪಾಕವನ್ನು ನೋಡಬೇಕಾದರೆ ಬೀರುವನ್ನೇ ತೆಗೆಯಬೇಕು. 1956ರಲ್ಲಿ ಸ್ಥಾಪನೆಯಾದ ಭಾರತೀಯ ಜೀವ ವಿಮಾ ನಿಗಮವು ತನ್ನ ಧ್ಯೇಯವಾಕ್ಯವನ್ನು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಆರಿಸಿಕೊಂಡಿದ್ದು, ಭಕ್ತರ ಯೋಗಕ್ಷೇಮದ ಹೊಣೆ ಹೊರುವ ಕೃಷ್ಣನ ಆ ಭರವಸೆಯನ್ನು ಈ ಅಪ್ಪನು ವರ್ಷಕ್ಕೆರಡು ಪ್ರೀಮಿಯಮ್ಮಿನಂತೆ ಕಟ್ಟುತ್ತಾ ಬಂದಿರುತ್ತಾನೆ. ಪಾಲಿಸಿಯ ಅರ್ಜಿಯ ಜೆರಾಕ್ಸಿನಲ್ಲಿ ನಾಮಿನಿಯ, ಅಂದರೆ ತನ್ನ ಕಾಲಾನಂತರ ಹಣ ಪಡೆಯಬೇಕಾದವರ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆ ಇನಿಷಿಯಲ್ ಸಮೇತ ಗುಂಡಗೆ ಬರೆದು, ‘ಸಂಬಂಧ’ ಎಂಬ ಕಾಲಮ್ಮಿನಲ್ಲಿ ‘ಮಗಳು’ ಎಂದು ತುಂಬಿರುವುದೇ, ಆತನು ಜೀವಮಾನದಲ್ಲಿ ಲಿಖಿತವಾಗಿ ಮಾಡಿದ ಏಕೈಕ ವಾತ್ಸಲ್ಯಘೋಷಣೆ.

ಇಂಥ ಅಪ್ಪನಿರುವ ಓದುಗರು, ಎಷ್ಟೇ ಬೆಳಗಿನ ಜಾವವಾದರೂ, ಇಳಿದ ಕೂಡಲೇ ಫೋನು ಮಾಡತಕ್ಕದ್ದು. ಮೊದಲ ರಿಂಗಿಗೇ ಎತ್ತಿದರೆ ಅಚ್ಚರಿಪಡಬಾರದು. ಆಟೋಕ್ಕೆ ಎಷ್ಟು ಕೊಟ್ಟೆ ಎಂಬ ಪ್ರಶ್ನೆಗೆ ಮಾತ್ರ ಐವತ್ತು ರೂಪಾಯಿ ಕಡಿಮೆ ಹೇಳುವುದು ಉಭಯತರಿಗೂ ಕ್ಷೇಮ.