ಯಾರೂ ಹೆದರದ ದೆವ್ವದ ಕಥೆ ಬರೆಯುವುದು ಹೇಗೆ?

ದೆವ್ವದ ಕಥೆಗೆ ಮೊದಲು ಬೇಕಾದದ್ದು ಸಾಮಾನು. ಪಟ್ಟಿ ಮಾಡಿಕೊಳ್ಳಿ: ಹಾಳುಬಿದ್ದ ಬಂಗಲೆ ಒಂದು, ಹುಣಸೆಮರ ಒಂದು, ಬಿಳಿ ಸೀರೆ ಒಂದು, ಗೆಜ್ಜೆ ಒಂದು ಜೊತೆ, ಗೂಬೆ ಒಂದು, ಕೇಳಿದ್ದಕ್ಕೆ ಉತ್ತರ ಕೊಡದ ಮುದಿ ಕಾವಲುಗಾರ ಒಬ್ಬ. ಎಲ್ಲವನ್ನೂ ಮೊದಲ ಪುಟದಲ್ಲೇ ಇಳಿಸಿಬಿಡಿ. ಏನನ್ನಾದರೂ ಉಳಿಸಿಕೊಂಡರೆ ಓದುಗ ಮುಂದೇನೋ ಎಂದು ಕಾಯತೊಡಗುತ್ತಾನೆ. ಕಾಯುವವನಿಗೆ ಭಯ ಹುಟ್ಟುವ ಅಪಾಯವಿದೆ.

ದಿನ ಅಮಾವಾಸ್ಯೆಯೇ ಇರಲಿ. ಬೆಳದಿಂಗಳಲ್ಲಿ ಮೋಹಿನಿಯ ಮುಖ ಫಳಫಳ ಹೊಳೆಯಲಿ. ಅಮಾವಾಸ್ಯೆಯ ಚಂದ್ರ ಹೆಚ್ಚುಕಡಿಮೆ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ ಎಂದು ಪಂಚಾಂಗ ಬಲ್ಲ ಓದುಗರು ಯಾರಾದರೂ ಪತ್ರ ಬರೆದರೆ, 'ಅದೇ ಕಥೆಯ ನಿಗೂಢ' ಎಂದು ಉತ್ತರಿಸಿ. ಪತ್ರ ಬಂದದ್ದನ್ನು ಜನಪ್ರಿಯತೆಯ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ದಿನಚರಿ. ಬೆಳಗ್ಗೆ ಎದ್ದವರೇ ಬರೆಯಲು ಕೂರಬೇಡಿ. ಅಮೆರಿಕದ ಭಯಾನಕ ಕಥೆಗಾರ ಸ್ಟೀಫನ್ ಕಿಂಗ್ ದಿನಕ್ಕೆ 2000 ಪದ ಬರೆಯುವ ರೂಢಿ ತಮ್ಮದು ಎಂದು 'ಆನ್ ರೈಟಿಂಗ್' ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಅದು ಗುಮಾಸ್ತರ ಬುದ್ಧಿ. ನೀವು ನಡುರಾತ್ರಿಯವರೆಗೆ ಕಾಯಿರಿ. ಅಲ್ಲಿಯತನಕ ಕಪ್ಪು ಜುಬ್ಬಾ ಇಸ್ತ್ರಿ ಮಾಡಿ, ಮೇಣದಬತ್ತಿಯ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳಿ, 'ನಿನ್ನೆ ಬರೆಯುವಾಗ ನನಗೇ ಮೈ ಜುಂ ಎಂದಿತು' ಎಂದು ಫೇಸ್‌ಬುಕ್ಕಿಗೆ ಹಾಕಿ. ಹನ್ನೆರಡು ಹೊಡೆಯುವಷ್ಟರಲ್ಲಿ ನಿದ್ದೆ ಬರುತ್ತದೆ. ಮಲಗಿ.

ಅಪ್ಪಿತಪ್ಪಿ ನಾಲ್ಕು ಪುಟ ಬರೆದು, ಅದು ಬೇಡವೆನಿಸಿ ಬಿಸಾಡುವುದಿದ್ದರೆ ಎಚ್ಚರಿಕೆಯಿಂದ ಬಿಸಾಡಿ. ಕಿಂಗ್ 'ಕ್ಯಾರಿ'ಯ ಮೊದಲ ಪುಟಗಳನ್ನು ಮನೆಯ ಕಸದ ಬುಟ್ಟಿಗೇ ಹಾಕಿದರು. ಹೆಂಡತಿ ಟ್ಯಾಬಿಥಾ ಎತ್ತಿ ಓದಿ, ಮುಂದುವರಿಸಿ ಎಂದರು. 1974ರಲ್ಲಿ ಅಚ್ಚಾದ ಆ ಕಾದಂಬರಿ ಅವರ ಮೇಷ್ಟ್ರ ಕೆಲಸವನ್ನೇ ಬಿಡಿಸಿತು. ನೌಕರಿಯ ಮೇಲೆ ಆಸೆ ಇದ್ದರೆ ಹಾಳೆಗಳನ್ನು ಒಣ ಕಸಕ್ಕೆ ಸೇರಿಸಿ, ಬೆಳಗಿನ ಗಾಡಿಗೆ ನೀವೇ ಕೈಯಾರೆ ಕೊಟ್ಟು ಬನ್ನಿ.

ಮುಖ್ಯ ನಿಯಮಕ್ಕೆ ಬರೋಣ. ನಿಮಗೆ ನಿಜಕ್ಕೂ ಹೆದರಿಕೆಯಾಗುವುದನ್ನು ಕಥೆಯ ಹೊಸ್ತಿಲು ತುಳಿಯಲು ಬಿಡಬೇಡಿ.

ಬಿಟ್ಟವರ ಗತಿ ನೋಡಿ. 1816ರ ಬೇಸಿಗೆಯಲ್ಲಿ ಜಿನೀವಾ ಸರೋವರದ ಬಳಿ, ಎಲ್ಲರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದು ಕವಿ ಬೈರನ್ ಹೇಳಿದಾಗ ಮೇರಿ ಶೆಲ್ಲಿಗೆ ಹದಿನೆಂಟು ವರ್ಷ. ಹಿಂದಿನ ವರ್ಷವಷ್ಟೇ ಆಕೆಯ ಮೊದಲ ಕೂಸು ತೀರಿಕೊಂಡಿತ್ತು. ಕೂಸಿಗೆ ಚಳಿಯಾಗಿತ್ತಷ್ಟೇ, ಬೆಂಕಿಯೆದುರು ಮೈ ತಿಕ್ಕಿದ ಮೇಲೆ ಜೀವ ಬಂತು ಎಂದು ಕನಸು ಬಿದ್ದದ್ದನ್ನು ಆಕೆ ದಿನಚರಿಯಲ್ಲಿ ಬರೆದಿಟ್ಟಿದ್ದಳು. ಅಂಥವಳು ಸತ್ತ ದೇಹಕ್ಕೆ ಜೀವ ಕೊಡುವವನ ಕಥೆ ಬರೆದಳು. 1818ರಲ್ಲಿ ಬಂದ 'ಫ್ರಾಂಕೆನ್‌ಸ್ಟೈನ್' ಇಂದಿಗೂ ಅಂಗಡಿಯಿಂದ ಕದಲಿಲ್ಲ. ಕಿಂಗ್ ಕೂಡ ತಮ್ಮ ಕುಡಿತದ ಕಾಲದಲ್ಲೇ, 1977ರ 'ದಿ ಶೈನಿಂಗ್'ನಲ್ಲಿ, ಕುಡುಕ ಅಪ್ಪನೊಬ್ಬನನ್ನು ಹೆಂಡತಿ ಮಗುವಿನ ಜೊತೆ ಹೋಟೆಲಿನಲ್ಲಿ ಕೂಡಿಹಾಕಿದರು. ನಮ್ಮಲ್ಲಿ ಬರಹಗಾರರೇ ಇಲ್ಲದೆಯೂ ಈ ತಪ್ಪು ನಡೆದಿದೆ. 1990ರ ದಶಕದಲ್ಲಿ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಸಿದ ದೆವ್ವಕ್ಕೆ ಬಂಗಲೆಯೂ ಬೇಕಿರಲಿಲ್ಲ, ಗೆಜ್ಜೆಯೂ ಬೇಕಿರಲಿಲ್ಲ. ರಾತ್ರಿ ಬಾಗಿಲು ತಟ್ಟಿ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿತ್ತಂತೆ. ಅಷ್ಟಕ್ಕೇ ಊರೂರು ಸುಣ್ಣ, ಸೀಮೆಸುಣ್ಣ ಹಿಡಿಯಿತು. ಇದರಿಂದ ಏನನ್ನೂ ಕಲಿಯಬೇಡಿ.

ನಿಮಗೂ ಇಂಥ ಪ್ರಲೋಭನೆಗಳು ಬರುತ್ತವೆ. ಸ್ಕ್ಯಾನಿಂಗ್ ಸೆಂಟರಿನ ಹುಡುಗ ರಿಪೋರ್ಟನ್ನು ನಿಮ್ಮ ಕೈಗೆ ಕೊಡದೆ 'ಡಾಕ್ಟರೇ ಹೇಳ್ತಾರೆ ಸರ್' ಎಂದು ಮುಖ ತಿರುಗಿಸಬಹುದು. ಕೂಡಲೇ ಗೂಬೆಯ ಕಡೆ ಗಮನ ಹರಿಸಿ. ರಾತ್ರಿ ಹನ್ನೊಂದಕ್ಕೆ, ಮರೆವು ಹತ್ತಿದ ಅಮ್ಮ ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, 'ಯಾರಪ್ಪಾ ನೀನು? ನನ್ನ ಮಗ ಇನ್ನೂ ಬಂದಿಲ್ವಲ್ಲ' ಎನ್ನಬಹುದು. ಬೆನ್ನಲ್ಲಿ ಚಳಿ ಹುಟ್ಟಿದರೂ ಒಂದಕ್ಷರ ಬರೆದುಕೊಳ್ಳಬೇಡಿ. ಬಿಸಿ ಹಾಲು ಕೊಟ್ಟು, ಹೊದಿಸಿ ಮಲಗಿಸಿ ಬನ್ನಿ. ಬಂದು ಮೋಹಿನಿಯ ಕಾಲಿಗೆ ಗೆಜ್ಜೆ ಕಟ್ಟಿ.

ಧಾರಾವಾಹಿಯಾದರೆ ಪ್ರತಿ ಕಂತಿನ ಕೊನೆಗೆ ಬಾಗಿಲು ಕಿರ್ರೆನ್ನಲಿ. ಮುಂದಿನ ವಾರ ಒಳಗೆ ಬಂದದ್ದು ಬೆಕ್ಕಾಗಿರಲಿ. ಆರನೇ ಬೆಕ್ಕಿಗೆ ಓದುಗ ತಾನೇ ಎದ್ದು ಹಾಲು ಇಡುತ್ತಾನೆ.

ಕಳಿಸುವ ಮುನ್ನ ಒಮ್ಮೆ ಓದಿ. ಯಾವ ಸಾಲಿನಲ್ಲಾದರೂ ನಿಮ್ಮ ಕೈ ತಡೆದರೆ ಆ ಸಾಲನ್ನು ಹೊಡೆದುಹಾಕಿ. ಆಮೇಲೆ ಶೀರ್ಷಿಕೆಯ ಕೆಳಗೆ 'ದುರ್ಬಲ ಹೃದಯದವರು ಓದಬಾರದು' ಎಂದು ದಪ್ಪಕ್ಷರದಲ್ಲಿ ಸೇರಿಸಿ. ಓದುಗನನ್ನು ಹೆದರಿಸುವ ಜವಾಬ್ದಾರಿ ಇನ್ನು ಅದೊಂದೇ ಸಾಲಿನದು.