ನಂಬ್ಯಾಟ್ ಬಂತು, ವೈಫೈ ಹೋಯ್ತು

ಉಬುಂಟು ಲಿನಕ್ಸಿನ ಆವೃತ್ತಿಗಳಿಗೆ ಇಡೋ ಹೆಸರುಗಳನ್ನ ನೋಡಿದ್ದೀರಲ್ಲ? 2022ರದ್ದು ಜ್ಯಾಮಿ ಜೆಲ್ಲಿಫಿಶ್, 2024ರದ್ದು ನೋಬಲ್ ನಂಬ್ಯಾಟ್. ಈ ನಂಬ್ಯಾಟ್ ಆಸ್ಟ್ರೇಲಿಯಾದ ಪುಟ್ಟ ಪ್ರಾಣಿ, ಗೆದ್ದಲು ತಿಂದೇ ಬದುಕೋದು. ಗೆದ್ದಲು ಬಿಟ್ಟು ವೈಫೈ ತಿನ್ನೋ ಚಟ ಯಾವಾಗ ಹತ್ತಿತೋ ಅಂತ ಹಳೇ ಲ್ಯಾಪ್‌ಟಾಪಿನವರು ಗೊಣಗ್ತಾರೆ. ಪಾಪ, ಅದರದ್ದೇನು ತಪ್ಪಿಲ್ಲ ಬಿಡಿ. ಅಪ್‌ಗ್ರೇಡ್ ಅಂದ್ಮೇಲೆ ಲಿನಕ್ಸಿನ ತಿರುಳಾದ ಕರ್ನಲ್ಲೂ ಹೊಸದು. ಬ್ರಾಡ್‌ಕಾಮ್‌ನ ಕೆಲವು ಹಳೇ ಚಿಪ್ಪುಗಳ ಡ್ರೈವರ್ ಕರ್ನಲ್ ಒಳಗೆ ಇರೋದೇ ಇಲ್ಲ. ಹೊರಗಿಂದ ಬಂದು ಸೇರ್ಕೋಬೇಕು, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಆಗ್ಬೇಕು. ಡಿಕೆಎಂಎಸ್ ಅನ್ನೋದೊಂದು ಆ ಕೆಲಸವನ್ನ ತಾನೇ ಮಾಡುತ್ತೆ, ಹೊಸ ಕರ್ನಲ್ಲಿನ ಹೆಡರ್ ಫೈಲುಗಳು ಸಿಕ್ಕಿದ್ರೆ. ಸಿಗದಿದ್ರೆ ಕೈಚೆಲ್ಲಿ ಕೂರುತ್ತೆ.

ಹೆಡರ್ ಇಳಿಸ್ಕೊಳ್ಳೋಕೆ ನೆಟ್ ಬೇಕು, ನೆಟ್ ಬರೋಕೆ ಹೆಡರ್ ಬೇಕು. ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ ಅಂತಾರಲ್ಲ, ಹಾಗೆ. ಇಲ್ಲಿ ದಾರಿ ತೋರ್ಸೋದು ಆಂಡ್ರಾಯ್ಡ್ ಫೋನು. ಯುಎಸ್‌ಬಿ ವೈರ್ ಚುಚ್ಚಿ ಟೆದರಿಂಗ್ ಆನ್ ಮಾಡಿದ್ರೆ ಲಿನಕ್ಸ್ ಅದನ್ನ ತಂತಿ ನೆಟ್‌ವರ್ಕ್ ಅಂತಲೇ ತಿಳ್ಕೊಳ್ಳುತ್ತೆ. ತಮಾಷೆ ನೋಡಿ, ಫೋನು ಆಗ ಹಿಡ್ಕೊಂಡಿರೋದು ಮನೆಯ ಅದೇ ವೈಫೈ! ಲ್ಯಾಪ್‌ಟಾಪಿಗೆ ಸಿಗದ್ದನ್ನ ಫೋನು ಗಾಳಿಯಲ್ಲಿ ಹಿಡಿದು ವೈರಲ್ಲಿ ದಾಟಿಸುತ್ತೆ. ಡೇಟಾ ಪ್ಯಾಕೂ ಖರ್ಚಾಗಲ್ಲ.

ಹಿಂದೆ ಇನ್ನೂ ವಿಚಿತ್ರ ಇತ್ತು ಕಣ್ರೀ. ಎನ್‌ಡಿಐಎಸ್‌ರ್ಯಾಪರ್ ನೆನಪಿದ್ಯಾ? ಲ್ಯಾಪ್‌ಟಾಪ್ ಜೊತೆ ಬಂದ ಸಿ.ಡಿ. ಹುಡುಕಿ, ಅದರಲ್ಲಿನ ವಿಂಡೋಸ್ ಡ್ರೈವರನ್ನೇ ತಂದು ಲಿನಕ್ಸಲ್ಲಿ ಓಡಿಸೋದು. ಇನ್ನೊಂದು ಬಿ43-ಎಫ್‌ಡಬ್ಲ್ಯು-ಕಟರ್: ಬ್ರಾಡ್‌ಕಾಮ್ ಕಂಪನಿಯ ಡ್ರೈವರ್ ಫೈಲಿನ ಹೊಟ್ಟೆ ಬಗೆದು ಫರ್ಮ್‌ವೇರ್ ಹೊರಗೆ ತೆಗೀತಿತ್ತು. ಅಂಥ ಬ್ರಾಡ್‌ಕಾಮ್ 2010ರಲ್ಲಿ ತಾನೇ ಓಪನ್‌ಸೋರ್ಸ್ ಡ್ರೈವರ್ ಬಿಟ್ಟಾಗ ಜನ ಕಣ್ಣುಜ್ಜಿಕೊಂಡು ನೋಡಿದ್ರು. ಆದ್ರೆ ಅದು ಹೊಸ ಚಿಪ್ಪುಗಳಿಗೆ. ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸಿನವರಂತೂ ಮಡಿವಂತರು. ಮುಕ್ತವಲ್ಲದ ಫರ್ಮ್‌ವೇರನ್ನ ಅಧಿಕೃತ ಇನ್‌ಸ್ಟಾಲರ್ ಒಳಗೆ ಬಿಟ್ಕೊಳ್ಳೋಕೆ 2022ರಲ್ಲಿ ವೋಟ್ ಹಾಕ್ಬೇಕಾಯ್ತು, 2023ರ ಡೆಬಿಯನ್ 12ರಲ್ಲಿ ಅದು ಬಂತು.

ಎಲ್ಲಿದ್ದೆ? ಹಾಂ, ಡ್ರೈವರ್. ಅದು ಕಂಪೈಲ್ ಆದ್ರೂ ಮುಗೀಲಿಲ್ಲ. ಸೆಕ್ಯೂರ್ ಬೂಟ್ ಆನ್ ಇದ್ರೆ ಸಹಿ ಇಲ್ಲದ ಡ್ರೈವರನ್ನ ಕರ್ನಲ್ ಒಳಗೆ ಬಿಡಲ್ಲ. ಸಹಿಗೊಂದು ಪಾಸ್‌ವರ್ಡ್ ಇಟ್ಟು ರೀಸ್ಟಾರ್ಟ್ ಮಾಡಿದ್ರೆ ನೀಲಿ ಪರದೆ ಬರುತ್ತೆ, ಯಾವುದಾದ್ರೂ ಕೀ ಒತ್ತಿ ಅಂತ ಕೇಳುತ್ತೆ, ಹತ್ತೇ ಸೆಕೆಂಡು ಕಾಯುತ್ತೆ. ನೀಲಿ ಕಂಡ್ರೆ ಸಾಕು, ವಿಂಡೋಸ್ ಕಾಲದ ಭಯ ನಮಗೆ. ಕಾಫಿ ಲೋಟ ಕೈಯಲ್ಲಿ ಹಿಡ್ಕೊಂಡು ಬೆಪ್ಪಾಗಿ ನೋಡ್ತಿರೋವಷ್ಟರಲ್ಲಿ ಅದು ಹೊರಟೇ ಹೋಗಿರುತ್ತೆ. ಅಲ್ಲಿ 'ಎನ್‌ರೋಲ್ ಮೋಕ್' ಆರಿಸಿ ಅದೇ ಪಾಸ್‌ವರ್ಡ್ ಕೊಡ್ಬೇಕು, ಅಷ್ಟೇ.

ಇಷ್ಟೆಲ್ಲ ಶುರು ಮಾಡೋ ಮುಂಚೆ ಟರ್ಮಿನಲ್ಲಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಅಂತ ಒಮ್ಮೆ ಹೊಡೆದು ವೈಫೈ ಬ್ಲಾಕ್ ಆಗಿದ್ಯಾ ನೋಡಿ. ಎಷ್ಟೋ ಮನೇಲಿ ಯಾರೋ ವಿಮಾನದ ಚಿತ್ರದ ಕೀ ಒತ್ತಿರ್ತಾರೆ, ಬೈಗಳು ಮಾತ್ರ ಅಪ್‌ಗ್ರೇಡಿಗೆ, ಅಲ್ವಾ? ತೀರಾ ಅವಸರ ಇದ್ರೆ, ಬೂಟ್ ಆಗುವಾಗಿನ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸಲ್ಲಿ ಹಳೇ ಕರ್ನಲ್ ಸಾಮಾನ್ಯವಾಗಿ ಇರುತ್ತೆ. ಅದರಲ್ಲಿ ಬೂಟ್ ಮಾಡಿದ್ರೆ ಬಹಳ ಸಲ ವೈಫೈ ಏನೂ ಆಗೇ ಇಲ್ಲ ಅನ್ನೋ ಹಾಗೆ ಬರುತ್ತೆ.

ನೀವೂ ಈ ಭಾನುವಾರ ಅಪ್‌ಗ್ರೇಡ್ ಮಾಡೋ ಆಲೋಚನೆಯಲ್ಲಿದ್ರೆ ಮೊದಲು ಒಂದು ಯುಎಸ್‌ಬಿ ವೈರ್ ಹುಡುಕಿಟ್ಕೊಳ್ಳಿ. ಡೇಟಾ ಹೋಗೋ ವೈರು ಮತ್ತೆ, ಬರೀ ಚಾರ್ಜ್ ಆಗೋದಲ್ಲ.